ಎಲ್ಲರಿಗೂ ಆಟ ಸಿಗಬೇಕೆಂದ ಸೆಂಡಾ ಬೆರೆನ್ಸನ್

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಜೇಮ್ಸ್ ನೈಸ್ಮಿತ್ ಎಂದು ಥಟ್ಟನೆ ಹೇಳುತ್ತಾರೆ. ಕ್ವಿಜ್ ಪುಸ್ತಕಗಳಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಆದರೆ ಅದನ್ನು ಹೆಣ್ಣುಮಕ್ಕಳ ಕಾಲೇಜಿಗೆ ತಂದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ಅವರ ಹೆಸರು ಸೆಂಡಾ ಬೆರೆನ್ಸನ್. ಅಮೆರಿಕದಲ್ಲಿ ಅವರನ್ನು ಮಹಿಳಾ ಬ್ಯಾಸ್ಕೆಟ್‌ಬಾಲಿನ ತಾಯಿ ಎಂದು ಕರೆಯುತ್ತಾರೆ. ತಂಡದಲ್ಲಿ ಜನ ಹೆಚ್ಚಿದ್ದಾಗ ಆಟ ಒಬ್ಬಿಬ್ಬರ ಪಾಲಾಗದೆ ಎಲ್ಲರಿಗೂ ಸಿಗುವುದು ಹೇಗೆ ಎಂಬ ಪ್ರಶ್ನೆಯನ್ನು ನೂರಮೂವತ್ತು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡವರು ಅವರು. ಕಾಲೇಜು ತಂಡದಲ್ಲಿ ಆಡುವ ನನಗೆ ಆ ಪ್ರಶ್ನೆ ತೀರಾ ಹತ್ತಿರದ್ದು. ಆದ್ದರಿಂದ ಈ ಸಂಚಿಕೆಗೆ ಅವರ ಜೀವನವನ್ನು ಆರಿಸಿಕೊಂಡಿದ್ದೇನೆ.

ಸೆಂಡಾ ಹುಟ್ಟಿದ್ದು 1868ರ ಮಾರ್ಚ್ 19ರಂದು, ಲಿಥುವೇನಿಯಾದ ಬುಟ್ರಿಮೊನಿಸ್ ಎಂಬ ಸಣ್ಣ ಊರಿನಲ್ಲಿ. ಆಗ ಆ ನಾಡು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಅವರದು ಯಹೂದಿ ಕುಟುಂಬ. ಮನೆತನದ ಹೆಸರು ವಲ್ವ್ರೊಯೆನ್ಸ್ಕಿ. ತಂದೆ ಮೊದಲು ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. 1875ರಲ್ಲಿ ಉಳಿದವರೂ ಅಲ್ಲಿಗೆ ಸೇರಿಕೊಂಡರು. ಹೊಸ ದೇಶದಲ್ಲಿ ಮನೆತನದ ಹೆಸರು ಬೆರೆನ್ಸನ್ ಎಂದಾಯಿತು. ತಂದೆ ಊರೂರು ಸುತ್ತಿ ಸಾಮಾನು ಮಾರಿ ಸಂಸಾರ ನಡೆಸಿದರು. ಮನೆಯಲ್ಲಿ ಹಣ ಕಡಿಮೆಯಿದ್ದರೂ ಓದಿಗೆ ಬೆಲೆಯಿತ್ತು. ಅಣ್ಣ ಬರ್ನಾರ್ಡ್ ಬೆರೆನ್ಸನ್ ಮುಂದೆ ಇಟಲಿಯ ಚಿತ್ರಕಲೆಯ ವಿಷಯದಲ್ಲಿ ಜಗತ್ತೇ ಒಪ್ಪಿದ ವಿದ್ವಾಂಸರಾದರು.

ಆಟದ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡ ಈ ಹುಡುಗಿ ಬಾಲ್ಯದಲ್ಲಿ ಆಟವಾಡಿದವರಲ್ಲ. ಅವರ ದೇಹ ತುಂಬಾ ದುರ್ಬಲವಾಗಿತ್ತು. ಸಂಗೀತದಲ್ಲಿ ಆಸಕ್ತಿಯಿದ್ದುದರಿಂದ ಬಾಸ್ಟನ್ನಿನ ಸಂಗೀತ ಶಾಲೆಗೆ ಪಿಯಾನೊ ಕಲಿಯಲು ಸೇರಿದರು. ಆದರೆ ಹೆಚ್ಚು ಹೊತ್ತು ಕುಳಿತು ಅಭ್ಯಾಸ ಮಾಡಲು ಬೆನ್ನು ಒಪ್ಪಲಿಲ್ಲ. ಕಲಿಕೆಯನ್ನು ಅರ್ಧಕ್ಕೇ ಬಿಡಬೇಕಾಯಿತು.

ಆರೋಗ್ಯ ಸುಧಾರಿಸಲೆಂದು 1890ರಲ್ಲಿ ಅವರು ಬಾಸ್ಟನ್ನಿನ ಒಂದು ವ್ಯಾಯಾಮ ತರಬೇತಿ ಶಾಲೆಗೆ ಸೇರಿದರು. ಆಮಿ ಮಾರಿಸ್ ಹೋಮನ್ಸ್ ಎಂಬವರು ನಡೆಸುತ್ತಿದ್ದ ಆ ಶಾಲೆಯಲ್ಲಿ ಸ್ವೀಡನ್ ದೇಶದ ಕವಾಯತು ಪದ್ಧತಿಯನ್ನು ಕಲಿಸುತ್ತಿದ್ದರು. ಮೊದಮೊದಲು ಸೆಂಡಾಗೆ ಸ್ವಲ್ಪ ಹೊತ್ತು ನೇರವಾಗಿ ನಿಲ್ಲುವುದೂ ಕಷ್ಟವಾಗಿತ್ತು. ತಿಂಗಳುಗಳು ಕಳೆದಂತೆ ಬೆನ್ನು ಗಟ್ಟಿಯಾಯಿತು, ಆರೋಗ್ಯ ಸುಧಾರಿಸಿತು. ಮದ್ದಿನಿಂದ ಆಗದಿದ್ದುದು ವ್ಯಾಯಾಮದಿಂದ ಆಯಿತು. ಪಿಯಾನೊ ಕಲಿಯಲು ಹೊರಟವರು ವ್ಯಾಯಾಮ ಶಿಕ್ಷಕಿಯಾಗಲು ನಿರ್ಧರಿಸಿದರು. ಅವರು ದುರ್ಬಲರ ಪರವಾಗಿ ಯೋಚಿಸಿದ್ದಕ್ಕೆ ಈ ಅನುಭವವೇ ಬೇರು ಎಂದು ನನಗನಿಸುತ್ತದೆ.

1892ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಊರಿನ ಸ್ಮಿತ್ ಕಾಲೇಜಿನಲ್ಲಿ ಅವರಿಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಅದು ಹೆಣ್ಣುಮಕ್ಕಳ ಕಾಲೇಜು. ಹೆಣ್ಣುಮಕ್ಕಳು ಓದಿದರೆ ನರಗಳು ಸೋಲುತ್ತವೆ, ಓಡಿದರೆ ದೇಹ ಕೆಡುತ್ತದೆ ಎಂದು ವೈದ್ಯರೇ ನಂಬಿದ್ದ ಕಾಲವದು. ವಿದ್ಯಾರ್ಥಿನಿಯರಿಗೂ ಕವಾಯತು ಬೇಸರ ತರಿಸುತ್ತಿತ್ತು. ಅವರನ್ನು ಉತ್ಸಾಹದಿಂದ ಬರಮಾಡಿಕೊಳ್ಳಬಲ್ಲ ಏನನ್ನಾದರೂ ಸೆಂಡಾ ಹುಡುಕುತ್ತಿದ್ದರು.

ಅದು ಹತ್ತಿರದಲ್ಲೇ ಇತ್ತು. ನಾರ್ತಾಂಪ್ಟನ್ನಿನಿಂದ ಸುಮಾರು 30 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರ ಡಿಸೆಂಬರ್‌ನಲ್ಲಿ ನೈಸ್ಮಿತ್ ತಮ್ಮ 18 ವಿದ್ಯಾರ್ಥಿಗಳನ್ನು ಒಂಬತ್ತೊಂಬತ್ತು ಜನರ ಎರಡು ತಂಡ ಮಾಡಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಹೊಸ ಆಟವೊಂದನ್ನು ಆಡಿಸಿದ್ದರು. ಅದರ ವಿವರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಓದಿದ ಸೆಂಡಾ ತಮ್ಮ ಹುಡುಗಿಯರಿಂದ ಆಡಿಸಿ ನೋಡಿದರು. ಕವಾಯತಿಗೆ ಬರಲು ಹಿಂದೇಟು ಹಾಕುತ್ತಿದ್ದವರು ಈಗ ಆಟದ ಮನೆ ಬಿಟ್ಟು ಹೋಗಲು ಒಪ್ಪಲಿಲ್ಲ.

1893ರ ಮಾರ್ಚ್ 22ರಂದು ಸ್ಮಿತ್ ಕಾಲೇಜಿನ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ಏರ್ಪಟ್ಟಿತು. ಹೆಣ್ಣುಮಕ್ಕಳ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೊದಲ ಪಂದ್ಯವೆಂದು ಇದನ್ನೇ ಹೇಳುತ್ತಾರೆ. ಗಂಡಸರಿಗೆ ಪ್ರವೇಶವಿರಲಿಲ್ಲ. ಸುತ್ತಲ ಮೇಲಂಕಣದಲ್ಲಿ ವಿದ್ಯಾರ್ಥಿನಿಯರು ಕಿಕ್ಕಿರಿದು ತಮ್ಮ ತಮ್ಮ ತರಗತಿಯ ಬಣ್ಣಗಳನ್ನು ತೂಗುಬಿಟ್ಟಿದ್ದರು. ಸೆಂಡಾ ಮಧ್ಯದಲ್ಲಿ ನಿಂತು ಚೆಂಡನ್ನು ಮೇಲಕ್ಕೆ ಎಸೆದರು. ಎಸೆಯುವಾಗ ಅವರ ಕೈ ಮೊದಲ ವರ್ಷದ ತಂಡದ ಸೆಂಟರ್ ಆಟಗಾರ್ತಿಯ ತೋಳಿಗೆ ಬಡಿದು, ಆಕೆಯ ಭುಜದ ಕೀಲು ತಪ್ಪಿತು. ಆಕೆಯನ್ನು ಒಳಗೆ ಕರೆದೊಯ್ದು ಕೀಲು ಕೂರಿಸಿದರು. ಇನ್ನೊಬ್ಬ ಹುಡುಗಿ ಆಕೆಯ ಜಾಗಕ್ಕೆ ಬಂದಳು. ಆಟ ಮುಂದುವರಿಯಿತು. ಕೊನೆಗೆ ಎರಡನೇ ವರ್ಷದವರು 5-4ರಿಂದ ಗೆದ್ದರು.

ಆ ಬದಲಿ ಹುಡುಗಿಯ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಮೊದಲ ಪಂದ್ಯದ ಮೊದಲ ನಿಮಿಷದಲ್ಲೇ ಬೆಂಚಿನಿಂದ ಎದ್ದು ಬರಬೇಕಾದವಳು ಅವಳು. ಅವಳು ಸಿದ್ಧಳಿಲ್ಲದಿದ್ದರೆ ಆ ಚರಿತ್ರೆ ಅಲ್ಲಿಗೇ ನಿಲ್ಲುತ್ತಿತ್ತು.

ಆಟವನ್ನು ಗಮನಿಸುತ್ತಾ ಹೋದಂತೆ ಸೆಂಡಾಗೆ ಎರಡು ಸಂಗತಿಗಳು ಕಂಡವು. ಒಂದು, ನೂಕಾಟ ಮತ್ತು ಕಿತ್ತಾಟ. ಇನ್ನೊಂದು, ಚುರುಕಾದ ಒಬ್ಬಿಬ್ಬರು ಅಂಗಳವೆಲ್ಲ ಓಡಿ ಚೆಂಡನ್ನು ತಾವೇ ಇಟ್ಟುಕೊಳ್ಳುವುದು, ಉಳಿದವರು ನಿಂತು ನೋಡುವುದು. ಓಡಿದವರಿಗೆ ವಿಪರೀತ ದಣಿವು, ನಿಂತವರಿಗೆ ವ್ಯಾಯಾಮವೇ ಇಲ್ಲ. ಇದನ್ನು ಸರಿಪಡಿಸಲು ಅವರು ಅಂಗಳವನ್ನು ಗೆರೆ ಎಳೆದು ಮೂರು ಪಾಲು ಮಾಡಿದರು. ಪ್ರತಿ ಪಾಲಿನಲ್ಲಿ ಇಂತಿಷ್ಟು ಜನ. ಯಾರೂ ತಮ್ಮ ಗೆರೆ ದಾಟುವಂತಿಲ್ಲ. ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುವಂತಿಲ್ಲ, ಮೂರು ಸಲಕ್ಕಿಂತ ಹೆಚ್ಚು ನೆಲಕ್ಕೆ ತಟ್ಟುವಂತಿಲ್ಲ, ಎದುರಾಳಿಯ ಕೈಯಿಂದ ಕಿತ್ತುಕೊಳ್ಳುವಂತಿಲ್ಲ. ಹೀಗಾದಾಗ ಚೆಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಹಲವರ ಕೈ ದಾಟಲೇಬೇಕು. ಎಷ್ಟೇ ಗಟ್ಟಿ ಆಟಗಾರ್ತಿಯಾದರೂ ಗೆಳತಿಯರಿಲ್ಲದೆ ಒಂದು ಅಂಕವನ್ನೂ ಗಳಿಸಲಾರಳು.

1899ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೇರಿದ ದೈಹಿಕ ಶಿಕ್ಷಣದ ಸಮ್ಮೇಳನದಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಒಂದೇ ನಿಯಮಾವಳಿ ರೂಪಿಸಲು ಸಮಿತಿಯಾಯಿತು. 1901ರಲ್ಲಿ ಸ್ಪಾಲ್ಡಿಂಗ್ ಸಂಸ್ಥೆ ಸೆಂಡಾ ಸಂಪಾದಿಸಿದ ನಿಯಮ ಪುಸ್ತಕವನ್ನು ಪ್ರಕಟಿಸಿತು. ಮುಂದೆ ಅನೇಕ ವರ್ಷ ಅದರ ಸಂಪಾದನೆ ಅವರದೇ. 1905ರಿಂದ 1917ರವರೆಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಸಮಿತಿಯ ಅಧ್ಯಕ್ಷತೆಯನ್ನೂ ಅವರೇ ವಹಿಸಿದ್ದರು. ಹೆಣ್ಣುಮಕ್ಕಳು ಉದ್ಯೋಗಗಳಿಗೆ ಹೊರಡುವ ಕಾಲ ಬಂದಿದೆ, ಅದಕ್ಕೆ ಗಟ್ಟಿ ದೇಹ, ತಾಳ್ಮೆ, ಕೂಡಿ ದುಡಿಯುವ ಅಭ್ಯಾಸ ಬೇಕು ಎಂಬುದು ಅವರ ವಾದ. ಕಾಲೇಜು ಕಾಲೇಜುಗಳ ನಡುವಿನ ಪಂದ್ಯಗಳನ್ನು ಮಾತ್ರ ಅವರು ಒಪ್ಪಲಿಲ್ಲ. ಗೆಲುವೊಂದೇ ಮುಖ್ಯವಾದರೆ ಕೆಲವರು ಆಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ ಎಂಬ ಅಂಜಿಕೆ ಅವರದು. ತರಗತಿ ತರಗತಿಗಳ ನಡುವೆ ಪಂದ್ಯವಾದರೆ ಹೆಚ್ಚು ಹುಡುಗಿಯರಿಗೆ ಅವಕಾಶ.

1911ರಲ್ಲಿ ಅವರು ಸ್ಮಿತ್ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ಅಬಾಟ್ ಅವರನ್ನು ಮದುವೆಯಾಗಿ ಕಾಲೇಜಿನ ಕೆಲಸ ಬಿಟ್ಟರು. ಆಮೇಲೆಯೂ ಅದೇ ಊರಿನ ಶಾಲೆಯೊಂದರಲ್ಲಿ 1921ರವರೆಗೆ ವ್ಯಾಯಾಮ ಕಲಿಸಿದರು. ಪತಿ ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನೆಲೆಸಿ, 1954ರ ಫೆಬ್ರವರಿ 16ರಂದು ನಿಧನರಾದರು.

ಅವರ ಗೆರೆಗಳು ಅವರಿಗಿಂತ ಹೆಚ್ಚು ಕಾಲ ಬದುಕಿದವು. ಆದರೆ ಅವುಗಳಿಂದ ನಷ್ಟವೂ ಆಯಿತು, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಹಿಂದಿನ ಪಾಲಿನಲ್ಲಿ ಕಾವಲು ನಿಂತ ಹುಡುಗಿ ಎಷ್ಟು ವರ್ಷ ಆಡಿದರೂ ಬುಟ್ಟಿಗೆ ಒಮ್ಮೆಯೂ ಚೆಂಡು ಎಸೆಯುವಂತಿರಲಿಲ್ಲ. ಹೆಣ್ಣುಮಕ್ಕಳಿಗೆ ಪೂರ್ತಿ ಅಂಗಳ ಓಡಲು ಶಕ್ತಿಯಿಲ್ಲ ಎಂಬ ಮಾತಿಗೂ ಆ ಗೆರೆಗಳು ಸಾಕ್ಷಿಯಂತೆ ಉಳಿದುಬಿಟ್ಟವು. 1938ರಲ್ಲಿ ಮೂರು ಪಾಲು ಎರಡಾಯಿತು. 1971ರಲ್ಲಿ ಅಮೆರಿಕದ ಕಾಲೇಜು ಹುಡುಗಿಯರು ಐದು ಜನರ ತಂಡವಾಗಿ ಇಡೀ ಅಂಗಳದಲ್ಲಿ ಆಡತೊಡಗಿದರು. 1976ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಸೇರಿತು. ತಲೆವಸ್ತ್ರ ಧರಿಸಿ ಆಡಲು ಅಂತರರಾಷ್ಟ್ರೀಯ ಒಕ್ಕೂಟವು 2017ರಲ್ಲಿ ಒಪ್ಪಿದಾಗ ಇನ್ನಷ್ಟು ಹುಡುಗಿಯರಿಗೆ ಬಾಗಿಲು ತೆರೆಯಿತು.

ನೆಲದ ಗೆರೆಗಳು ಅಳಿಸಿದವು, ಪ್ರಶ್ನೆ ಉಳಿಯಿತು. ಈಗಿನ ನಿಯಮದಂತೆ ತಂಡದಲ್ಲಿ 12 ಜನ, ಅಂಗಳದಲ್ಲಿ 5 ಜನ. ತಲಾ 10 ನಿಮಿಷದ ನಾಲ್ಕು ಅವಧಿ, ಒಟ್ಟು 40 ನಿಮಿಷ. ಐದು ಜನರ ಲೆಕ್ಕದಲ್ಲಿ ಹಂಚಲು ಸಿಗುವುದು 200 ನಿಮಿಷ. ಹನ್ನೆರಡು ಜನರಿಗೂ ಸಮವಾಗಿ ಹಂಚಿದರೆ ತಲಾ 16 ನಿಮಿಷ 40 ಸೆಕೆಂಡು. ಆಟ ನಿಂತಾಗ ಎಷ್ಟು ಸಲ ಬೇಕಾದರೂ ಆಟಗಾರ್ತಿಯರನ್ನು ಬದಲಿಸಬಹುದು. ಸೆಂಡಾ ನೆಲವನ್ನು ಹಂಚಿದರು, ಇಂದಿನ ಕೋಚ್ ಸಮಯವನ್ನು ಹಂಚಬೇಕು.

ಅದು ಸುಲಭವಲ್ಲ ಎಂಬುದು ಬೆಂಚಿನ ಮೇಲೆ ಕುಳಿತವರಿಗೆ ಚೆನ್ನಾಗಿ ಕಾಣುತ್ತದೆ. ನಮ್ಮ ತಂಡದಲ್ಲೂ ಹನ್ನೆರಡು ಹೆಸರಿವೆ. ನಾನು ಶುರುವಿನ ಐದರಲ್ಲಿಲ್ಲ. ನಮ್ಮ ಪಿ.ಟಿ. ಮೇಡಂ ಐವರನ್ನೂ ಒಟ್ಟಿಗೆ ಬದಲಿಸುವುದಿಲ್ಲ. ಇಬ್ಬರಿಬ್ಬರನ್ನು ಬದಲಿಸುತ್ತಾರೆ, ಚೆಂಡನ್ನು ಮುಂದಕ್ಕೆ ತರಬಲ್ಲ ಒಬ್ಬಳಾದರೂ ಅಂಗಳದಲ್ಲಿ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಐದು ಫೌಲ್ ಆದರೆ ಹೊರಗೆ ಹೋಗಬೇಕಾದ್ದರಿಂದ, ಬೇಗನೆ ಎರಡು ಫೌಲ್ ಮಾಡಿದವಳನ್ನು ಕರೆದು ಕೂರಿಸುತ್ತಾರೆ. ಯಾರು ಯಾವಾಗ ಇಳಿಯಬೇಕು ಎಂದು ಪಂದ್ಯಕ್ಕೆ ಮೊದಲೇ ತಿಳಿಸುತ್ತಾರೆ. ಕೊನೆಯ ಅವಧಿಯಲ್ಲಿ ಎದುರಾಳಿಗಳ ಕಾಲು ಸೋತಾಗ ನಮ್ಮವರಿಗೆ ಓಡಲು ಉಸಿರು ಉಳಿದಿರುವುದು ಇದರಿಂದಲೇ.

ಆದರೂ ಎಲ್ಲರಿಗೂ ಸಮನಾದ ನಿಮಿಷ ಸಿಗುವುದಿಲ್ಲ. ಬಿಗಿಯಾದ ಪಂದ್ಯದಲ್ಲಿ ನನಗೆ ನಾಲ್ಕೇ ನಿಮಿಷ ಸಿಕ್ಕಿದ್ದುಂಟು. ಬೇಸರವಾಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಗೆಲ್ಲಲೆಂದೇ ಬಂದ ಪಂದ್ಯದಲ್ಲಿ ಚೆನ್ನಾಗಿ ಆಡುವವಳು ಹೆಚ್ಚು ಆಡುವುದು ನ್ಯಾಯವೇ. ಆದರೆ ದಿನವೂ ಅಭ್ಯಾಸಕ್ಕೆ ಬಂದವಳಿಗೆ ಅಂಗಳಕ್ಕಿಳಿಯುವ ಅವಕಾಶವೇ ಇಲ್ಲದಿದ್ದರೆ ಅದು ತಂಡವಾಗುವುದಿಲ್ಲ, ಐದು ಜನರ ಗುಂಪಾಗುತ್ತದೆ. ಈ ಎರಡರ ನಡುವೆ ತೂಗಿ ನೋಡುವ ಕೆಲಸವನ್ನು ಯಾವ ನಿಯಮ ಪುಸ್ತಕವೂ ಮಾಡಿಕೊಡಲಾರದು. ಸೆಂಡಾ ಅವರ ಉತ್ತರ ಇಂದಿಗೆ ಒಗ್ಗದಿರಬಹುದು. ಅವರ ಕಾಳಜಿ ಮಾತ್ರ ಹಳೆಯದಾಗಿಲ್ಲ.

1985ರಲ್ಲಿ, ತೀರಿಕೊಂಡು ಮೂವತ್ತೊಂದು ವರ್ಷಗಳ ನಂತರ, ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಸೆಂಡಾ ಸೇರಿದರು. ಆ ಗೌರವ ಪಡೆದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಓದುಗ ಗೆಳತಿಯರೇ, ಗೆಳೆಯರೇ, ಮುಂದಿನ ಸಲ ಯಾವುದೇ ಪಂದ್ಯ ನೋಡಲು ಹೋದಾಗ ಅಂಕದ ಹಲಗೆಯ ಜೊತೆಗೆ ಬೆಂಚಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಷೂ ಲೇಸು ಬಿಗಿದು, ತನ್ನ ಹೆಸರು ಕರೆಯುವುದನ್ನೇ ಕಾಯುತ್ತಾ ಕುಳಿತವಳೊಬ್ಬಳು ಅಲ್ಲಿರುತ್ತಾಳೆ. ಅವಳು ಅಂಗಳಕ್ಕಿಳಿಯುವಾಗಲೂ ಚಪ್ಪಾಳೆ ತಟ್ಟಿ.