ದಿವಾನ್ ರಂಗಾಚಾರ್ಲು: ಷರತ್ತುಗಳ ನಡುವೆ ಪ್ರಜಾಸಭೆ ಕಟ್ಟಿದ ಮುತ್ಸದ್ದಿ

1881ರ ಮಾರ್ಚ್ 25ರಂದು 18ರ ಹರೆಯದ ಚಾಮರಾಜೇಂದ್ರ ಒಡೆಯರಿಗೆ ಮೈಸೂರಿನ ರಾಜ್ಯಾಧಿಕಾರವನ್ನು ಮರಳಿ ಒಪ್ಪಿಸಲಾಯಿತು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ ಅಂದಿಗೆ ಕೊನೆಗೊಂಡಿತು. ಆದರೆ ಮಹಾರಾಜರ ಕೈಗೆ ಬಂದದ್ದು ಪೂರ್ಣ ಅಧಿಕಾರವಲ್ಲ. ಹಲವು ಷರತ್ತುಗಳಿಂದ ಬಿಗಿಯಲ್ಪಟ್ಟ ಅಧಿಕಾರ. ಅದನ್ನು ನಡೆಸುವ ಹೊಣೆ ಹೊತ್ತ ಮೊದಲ ದಿವಾನರು ಸಿ.ವಿ. ರಂಗಾಚಾರ್ಲು. ಅವರು ಆ ಪದವಿಯಲ್ಲಿದ್ದದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ಆದರೂ ಮೈಸೂರಿನ ರಾಜಕೀಯ ಇತಿಹಾಸದಲ್ಲಿ ಅವರ ಹೆಸರು ಅಳಿಸಲಾಗದಂತೆ ಉಳಿದಿದೆ.

ಗುಮಾಸ್ತೆಯಿಂದ ದಿವಾನಗಿರಿಗೆ

ರಂಗಾಚಾರ್ಲು ಜನಿಸಿದ್ದು 1831ರಲ್ಲಿ, ಮದ್ರಾಸ್ ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯ ಶ್ರೀವೈಷ್ಣವ ಕುಟುಂಬವೊಂದರಲ್ಲಿ. ನಗರ ದಂಗೆಯ ಕಾರಣ ಮುಂದಿಟ್ಟು ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡದ್ದೂ ಅದೇ ವರ್ಷ. ಯಾವ ವರ್ಷ ಮೈಸೂರು ತನ್ನ ಅಧಿಕಾರ ಕಳೆದುಕೊಂಡಿತೋ ಅದೇ ವರ್ಷ ಹುಟ್ಟಿದವರು ಅದು ಮರಳಿ ಬಂದಾಗ ದಿವಾನರಾದದ್ದು ಇತಿಹಾಸದ ಒಂದು ಸೋಜಿಗ.

ಮದ್ರಾಸಿನಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಮುಗಿಸಿದ ಅವರು ಗುಮಾಸ್ತೆಯಾಗಿ ಸರ್ಕಾರಿ ಸೇವೆಗೆ ಸೇರಿದರು. ಇನಾಮು ಜಮೀನುಗಳ ಇತ್ಯರ್ಥಕ್ಕಾಗಿ ನೇಮಕವಾಗಿದ್ದ ಆಯೋಗದಲ್ಲಿ ದುಡಿದು, ಹಂತಹಂತವಾಗಿ ಮೇಲೇರಿ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆದರು. ಕಡತ, ಲೆಕ್ಕ, ಹಕ್ಕುಪತ್ರಗಳ ಒಳಹೊರಗನ್ನು ಬಲ್ಲ ಅಧಿಕಾರಿ ಎಂಬ ಹೆಸರು ಅವರದಾಯಿತು.

1868ರ ಮಾರ್ಚ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ನಿಧನರಾದರು. ದತ್ತುಪುತ್ರ ಚಾಮರಾಜೇಂದ್ರರಿಗೆ ಆಗ ಐದು ವರ್ಷ. ಅವರು ಪ್ರಾಪ್ತವಯಸ್ಕರಾದ ಮೇಲೆ ರಾಜ್ಯವನ್ನು ಮರಳಿಸುವುದಾಗಿ ಬ್ರಿಟಿಷ್ ಸರ್ಕಾರ 1867ರಲ್ಲೇ ತೀರ್ಮಾನಿಸಿತ್ತು. ಅರಮನೆಯ ಆಸ್ತಿ ಮತ್ತು ಸಾಲಗಳ ಲೆಕ್ಕ ಸರಿಪಡಿಸುತ್ತಿದ್ದ ಮೇಜರ್ ಎಲಿಯಟ್‌ಗೆ ನೆರವಾಗಲು ರಂಗಾಚಾರ್ಲು ಮೈಸೂರಿಗೆ ಬಂದರು. ಮುಂದೆ ಅರಮನೆಯ ಕಂಟ್ರೋಲರ್ ಆದರು.

1874ರಲ್ಲಿ ಅವರು ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸುವ ಕಿರುಹೊತ್ತಿಗೆಯೊಂದನ್ನು ಪ್ರಕಟಿಸಿದರು. ದೊಡ್ಡ ಸಂಬಳದ ಯೂರೋಪಿಯನ್ ಅಧಿಕಾರಿಗಳ ಸಂಖ್ಯೆ ಬೆಳೆಯುತ್ತಿರುವುದನ್ನೂ ಅದರ ಭಾರ ಪ್ರಜೆಗಳ ಮೇಲೆ ಬೀಳುತ್ತಿರುವುದನ್ನೂ ಅದರಲ್ಲಿ ಎತ್ತಿ ತೋರಿಸಿದ್ದರು. ಆಳುವವರ ಸೇವೆಯಲ್ಲಿದ್ದುಕೊಂಡೇ ಹೀಗೆ ಬರೆಯುವುದು ಅಂದಿನ ಕಾಲಕ್ಕೆ ಸಣ್ಣ ಧೈರ್ಯವೇನಲ್ಲ.

ಕೊಟ್ಟದ್ದೇನು, ಉಳಿಸಿಕೊಂಡದ್ದೇನು?

ವೈಸ್‌ರಾಯ್ ರಿಪನ್ 1881ರ ಮಾರ್ಚ್ 1ರಂದು ಸಹಿ ಮಾಡಿದ ಹಸ್ತಾಂತರ ಪತ್ರದಲ್ಲಿ 24 ಕಲಮುಗಳಿದ್ದವು. ಕಂದಾಯ, ಪೊಲೀಸು, ನ್ಯಾಯಾಲಯ, ಕಾಮಗಾರಿ ಮುಂತಾದ ದೈನಂದಿನ ಆಡಳಿತ ಮಹಾರಾಜರ ಸರ್ಕಾರಕ್ಕೆ ಬಂದಿತು. ಆದರೆ ಜಾರಿಯಲ್ಲಿದ್ದ ಕಾನೂನುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಗವರ್ನರ್ ಜನರಲ್ ಅವರ ಒಪ್ಪಿಗೆಯಿಲ್ಲದೆ ಆಡಳಿತ ಪದ್ಧತಿಯಲ್ಲಿ ಮುಖ್ಯ ಬದಲಾವಣೆ ಮಾಡಕೂಡದು ಎಂಬ ಕಟ್ಟಳೆಯಿತ್ತು. ಸ್ವಂತ ನಾಣ್ಯ ಟಂಕಿಸುವಂತಿರಲಿಲ್ಲ, ಹೊಸ ಕೋಟೆ ಕಟ್ಟುವಂತಿರಲಿಲ್ಲ.

ನ್ಯಾಯಾಧಿಕಾರದ ವಿಷಯದಲ್ಲಿ ಈ ಮಿತಿ ಇನ್ನೂ ಸ್ಪಷ್ಟವಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಅಪರಾಧ ಎಸಗಿದ ಆರೋಪ ಹೊತ್ತವನು ಮೈಸೂರಿನಲ್ಲಿದ್ದರೆ, ರೆಸಿಡೆಂಟ್ ಕೇಳಿದೊಡನೆ ಅವನನ್ನು ಬಂಧಿಸಿ ಒಪ್ಪಿಸುವುದು ಮಹಾರಾಜರ ಕರ್ತವ್ಯ. ಸಾಕ್ಷಿಗಳನ್ನು ಹಾಜರುಪಡಿಸುವ ಹೊಣೆಯೂ ಅವರದೇ. ಮೈಸೂರಿನಲ್ಲಿ ಅಪರಾಧ ಮಾಡಿ ಗಡಿ ದಾಟಿ ಮದ್ರಾಸ್ ಅಥವಾ ಮುಂಬಯಿ ಪ್ರಾಂತ್ಯಕ್ಕೆ ಓಡಿದವನ ಪ್ರಕರಣ ಹಾಗಲ್ಲ. 1879ರ ಕಾಯಿದೆಯಂತೆ ಬ್ರಿಟಿಷ್ ಪ್ರದೇಶದಲ್ಲಿ ಅವನನ್ನು ಹಿಡಿಸಲು ವಾರಂಟು ಹೊರಡಿಸುವ ಅಧಿಕಾರವಿದ್ದದ್ದು ಬ್ರಿಟಿಷ್ ಪ್ರತಿನಿಧಿಗೆ, ಅಂದರೆ ರೆಸಿಡೆಂಟ್‌ಗೆ. ಮೈಸೂರಿನ ನ್ಯಾಯಾಧೀಶರ ಆಜ್ಞೆ ಗಡಿಯಲ್ಲೇ ನಿಲ್ಲುತ್ತಿತ್ತು.

ಮಲೆನಾಡಿನ ಕಾಫಿ ತೋಟಗಳ ಆಂಗ್ಲ ಮಾಲೀಕರಾಗಲಿ, ಆಗಷ್ಟೇ ತಲೆಯೆತ್ತುತ್ತಿದ್ದ ಕೋಲಾರದ ಚಿನ್ನದ ಗಣಿಗಳ ಯೂರೋಪಿಯನ್ನರಾಗಲಿ ಅಪರಾಧ ಮಾಡಿದರೆ, ಬ್ರಿಟಿಷ್ ಪ್ರಜೆಗಳಾದ ಅವರ ಮೇಲಿನ ಅಧಿಕಾರ ಗವರ್ನರ್ ಜನರಲ್ ಅವರದು. ಬ್ರಿಟಿಷ್ ಸರ್ಕಾರ ರೈಲು ಹಾಕಬಯಸಿದರೆ ಜಮೀನನ್ನು ಉಚಿತವಾಗಿ ಕೊಡುವುದಲ್ಲದೆ ಆ ಜಮೀನಿನ ಮೇಲಿನ ಅಧಿಕಾರವನ್ನೂ ಬಿಟ್ಟುಕೊಡಬೇಕಿತ್ತು. ಬೆಂಗಳೂರಂತೂ ಎರಡಾಗಿತ್ತು. ಪೇಟೆಯಲ್ಲಿ ಮಹಾರಾಜರ ಅಮಲು, ದಂಡಿನಲ್ಲಿ ರೆಸಿಡೆಂಟ್ ಅವರ ಅಮಲು. ಒಂದೇ ಊರಿನ ಎರಡು ಬೀದಿಗಳಿಗೆ ಬೇರೆ ಬೇರೆ ಪೊಲೀಸು, ಬೇರೆ ಬೇರೆ ಕಚೇರಿ.

ಬರಿದಾದ ಬೊಕ್ಕಸ

ಇದರ ಮೇಲೆ ಹಣದ ಮುಗ್ಗಟ್ಟು. 1876ರಿಂದ 78ರವರೆಗಿನ ಬರಗಾಲ ನಾಡನ್ನು ಹಿಂಡಿ ಹಿಪ್ಪೆ ಮಾಡಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರಾಜ್ಯದ ವಾರ್ಷಿಕ ಆದಾಯ ಹೆಚ್ಚುಕಡಿಮೆ ಒಂದು ಕೋಟಿ ರೂಪಾಯಿ. ಬ್ರಿಟಿಷ್ ಸರ್ಕಾರಕ್ಕೆ ತೀರಿಸಬೇಕಾದ ಬರಗಾಲದ ಸಾಲವೇ 80 ಲಕ್ಷ. ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ವಾರ್ಷಿಕ ಪೊಗದಿಯನ್ನು ಹಸ್ತಾಂತರ ಪತ್ರ 35 ಲಕ್ಷಕ್ಕೆ ಏರಿಸಿತ್ತು. ಆ ಏರಿಕೆ ಐದು ವರ್ಷ ಮುಂದೂಡಲ್ಪಟ್ಟದ್ದಷ್ಟೇ ಸಮಾಧಾನ.

ರಂಗಾಚಾರ್ಲು ನಿರ್ದಾಕ್ಷಿಣ್ಯವಾಗಿ ವೆಚ್ಚ ಕಡಿತಕ್ಕೆ ಕೈಹಾಕಿದರು. ಎಂಟು ಜಿಲ್ಲೆಗಳು ಆರಾದವು. ಹಾಸನ ಮತ್ತು ಚಿತ್ರದುರ್ಗಗಳು ಜಿಲ್ಲೆಯ ಸ್ಥಾನ ಕಳೆದುಕೊಂಡವು. ಈ ಕ್ರಮಗಳಿಂದ ಜನರಿಗೆ ಅನನುಕೂಲವಾಯಿತೆಂಬುದು ಸುಳ್ಳಲ್ಲ. 1886ರಲ್ಲಿ ಆ ಎರಡೂ ಜಿಲ್ಲೆಗಳನ್ನು ಮತ್ತೆ ರಚಿಸಬೇಕಾಯಿತು. ಇನ್ನೊಂದೆಡೆ ಉಳಿತಾಯದ ಹೆಸರಿನಲ್ಲಿ ಅವರು ಅಭಿವೃದ್ಧಿಯನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ರಾಜ್ಯದ ಹಣದಲ್ಲೇ ಹಾಕುತ್ತಿದ್ದ ರೈಲು ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಮತ್ತೆ ಬರ ಬಂದರೆ ಧಾನ್ಯ ಸಾಗಿಸಲು ರೈಲಿಗಿಂತ ದೊಡ್ಡ ಆಸರೆ ಇರಲಿಲ್ಲ.

ಪತ್ರದಲ್ಲಿಲ್ಲದ ಸಭೆ

ಆದರೆ ರಂಗಾಚಾರ್ಲು ಅವರನ್ನು ಚಿರಸ್ಮರಣೀಯರನ್ನಾಗಿಸಿದ್ದು ಬೇರೆಯೇ ಕೆಲಸ. ಹಸ್ತಾಂತರ ಪತ್ರದಲ್ಲಿ ಬ್ರಿಟಿಷ್ ಸರ್ಕಾರ ಇತ್ತು, ಮಹಾರಾಜರು ಇದ್ದರು. ಪ್ರಜೆಗಳಿಗೆ ಮಾತನಾಡುವ ಸ್ಥಾನ ಇರಲಿಲ್ಲ. ಕಮಿಷನರ ಕೈಯಿಂದ ಅಧಿಕಾರ ಅರಮನೆಗೆ ಬಂದು ಅಲ್ಲಿಯೇ ನಿಂತರೆ ರೈತನಿಗೆ ಆದ ಲಾಭವೇನು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಪ್ರಜಾಪ್ರತಿನಿಧಿ ಸಭೆ.

1881ರ ಆಗಸ್ಟ್ 25ರಂದು ಮಹಾರಾಜರ ಆಜ್ಞೆ ಹೊರಬಿದ್ದಿತು. ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ತಾಲ್ಲೂಕುಗಳಿಂದ ರೈತ ಪ್ರಮುಖರು, ಜಿಲ್ಲೆಗಳಿಂದ ವರ್ತಕರು ಸೇರಿ 144 ಮಂದಿ ಬಂದಿದ್ದರು. ದಿವಾನರು ರಾಜ್ಯದ ಆದಾಯ, ವೆಚ್ಚ, ಕೈಗೊಂಡ ಕೆಲಸಗಳ ವರದಿಯನ್ನು ಅವರ ಮುಂದಿಟ್ಟರು. ಸದಸ್ಯರು ತಮ್ಮ ಊರುಗಳ ಅಹವಾಲುಗಳನ್ನು ಹೇಳಿಕೊಳ್ಳಬಹುದಿತ್ತು.

ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಮತ ಹಾಕಿ ಸರ್ಕಾರವನ್ನು ಕಟ್ಟಿಹಾಕುವ ಶಕ್ತಿಯೂ ಇರಲಿಲ್ಲ. ಸದಸ್ಯರು ಚುನಾಯಿತರೂ ಆಗಿರಲಿಲ್ಲ. ಆ ಕಾರಣಕ್ಕೆ ಅದನ್ನು ಬರಿಯ ತೋರಿಕೆ ಎನ್ನುವವರಿದ್ದಾರೆ. ಆದರೆ ಬೊಕ್ಕಸದ ಲೆಕ್ಕವನ್ನು ರೈತರ ಮುಂದೆ ಒಪ್ಪಿಸುವುದು ಅಂದಿನ ದೇಶೀಯ ಸಂಸ್ಥಾನಗಳಲ್ಲಿ ಕೇಳರಿಯದ ಸಂಗತಿ. ಬ್ರಿಟಿಷ್ ಇಂಡಿಯಾದಲ್ಲಿ ಕಾಂಗ್ರೆಸ್ ಹುಟ್ಟಿದ್ದೇ ಅದಾಗಿ ನಾಲ್ಕು ವರ್ಷಗಳ ನಂತರ. ಒಮ್ಮೆ ಕೊಟ್ಟ ಲೆಕ್ಕವನ್ನು ಮರುವರ್ಷ ಕೊಡದಿರುವುದು ಯಾವ ದಿವಾನರಿಗೂ ಸುಲಭವಾಗಲಿಲ್ಲ.

ಮುಂದಿನವರ ಕೈಗೆ

1883ರ ಜನವರಿ 20ರಂದು ರಂಗಾಚಾರ್ಲು ಮದ್ರಾಸಿನಲ್ಲಿ ಕೊನೆಯುಸಿರೆಳೆದರು. ಅವರ ನಂತರ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ 1901ರವರೆಗೆ ಆಡಳಿತ ನಡೆಸಿದರು. 1884ರಲ್ಲಿ ಮೂವರು ನ್ಯಾಯಾಧೀಶರ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಅದೇ ಮುಂದೆ ಹೈಕೋರ್ಟ್ ಆಯಿತು. ಪ್ರಜಾಪ್ರತಿನಿಧಿ ಸಭೆಗೆ 1891ರಲ್ಲಿ ಚುನಾವಣೆ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಹಸ್ತಾಂತರ ಪತ್ರದ ಜಾಗಕ್ಕೆ 1913ರಲ್ಲಿ ಹೊಸ ಒಪ್ಪಂದ ಬಂದಿತು. ಬೆಂಗಳೂರಿನ ದಂಡು ಪ್ರದೇಶ ಮೈಸೂರಿಗೆ ಮರಳಿದ್ದು ಮಾತ್ರ 1947ರಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ.

ಕಲಮುಗಳ ಬಿಗಿ ಸಡಿಲಾಗಲು ಅರವತ್ತಾರು ವರ್ಷ ಬೇಕಾಯಿತು. ಸಡಿಲಾಗುವವರೆಗೆ ಕಾಯದೆ, ಯಾವ ಕಲಮೂ ತಡೆಯದ ಒಂದು ದಾರಿಯನ್ನು ಹುಡುಕಿ ಪ್ರಜೆಗಳನ್ನು ಸರ್ಕಾರದ ಎದುರಿಗೆ ಕೂರಿಸಿದ್ದು ರಂಗಾಚಾರ್ಲು ಅವರ ಮುತ್ಸದ್ದಿತನ. ಮೈಸೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತಿದೆ. 1884ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದವರು, ಅವರು ಯಾರ ಪರವಾಗಿ ಆಡಳಿತದ ಹೊಣೆ ಹೊತ್ತಿದ್ದರೋ ಅದೇ ಚಾಮರಾಜೇಂದ್ರ ಒಡೆಯರು.