ಡಾ. ಟಿ.ಎಂ.ಎ. ಪೈ (1898–1979): ಬಡವರ ಉಳಿತಾಯ ಮತ್ತು ಆರೋಗ್ಯ ಸೇವೆ

ತೋನ್ಸೆ ಮಾಧವ ಅನಂತ ಪೈ ಅವರು 1898ರ ಏಪ್ರಿಲ್ 30ರಂದು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯಕೀಯ ಪದವಿ ಪಡೆದ ನಂತರ ಊರಿಗೆ ಮರಳಿ ವೈದ್ಯವೃತ್ತಿಯನ್ನು ಆರಂಭಿಸಿದರು. ಆ ಕಾಲದಲ್ಲಿ ಕೂಲಿಕಾರರು, ನೇಕಾರರು ಮತ್ತು ಮೀನುಗಾರರ ಕೈಯಲ್ಲಿ ಕೂಡಿಟ್ಟ ಹಣವಿರುತ್ತಿರಲಿಲ್ಲ. ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಇಡೀ ಕುಟುಂಬವು ಸಾಲಕ್ಕೆ ಸಿಲುಕುತ್ತಿತ್ತು. ಔಷಧಿಯ ಜೊತೆಗೆ ಹಣದ ಆಸರೆಯೂ ಅಗತ್ಯವಾಗಿತ್ತು.

ಪಿಗ್ಮಿ ಠೇವಣಿ

ಕೈಮಗ್ಗದ ಉದ್ಯಮವು ಸಂಕಷ್ಟದಲ್ಲಿದ್ದಾಗ, ನೇಕಾರರಿಗೆ ನೆರವಾಗುವ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪನೆಯಾಯಿತು. ಸಹೋದರ ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಇದರ ಸಹ ಸ್ಥಾಪಕರು. ಆರಂಭದ ಬಂಡವಾಳ 8,000 ರೂಪಾಯಿ. 1928ರಲ್ಲಿ ಜಾರಿಗೆ ಬಂದ ಪಿಗ್ಮಿ ಯೋಜನೆಯಡಿ ಏಜೆಂಟರು ಪ್ರತಿದಿನ ಮನೆ ಮತ್ತು ಅಂಗಡಿಗಳಿಗೆ ತೆರಳಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದವರಿಗೂ ಇದರಿಂದ ಖಾತೆ ದೊರೆಯಿತು. ಕಷ್ಟಕಾಲಕ್ಕೆ ಒಂದಿಷ್ಟು ಹಣ ಉಳಿಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಈ ಸಂಸ್ಥೆಯು 1969ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ವೈದ್ಯಕೀಯ ಶಿಕ್ಷಣ ಮತ್ತು ಆಸ್ಪತ್ರೆ

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಹುಟ್ಟುಹಾಕಲಾಯಿತು. ಇದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1960ರಲ್ಲಿ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು ಆರಂಭವಾದವು. 1953ರಲ್ಲಿ, ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆಯಿತು. ಆಗ ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಇದೇ ಮೊದಲ ವೈದ್ಯಕೀಯ ಕಾಲೇಜು. ಕಾಲೇಜಿನ ಪ್ರಾಯೋಗಿಕ ಶಿಕ್ಷಣಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಬಳಸಿಕೊಳ್ಳಲಾಯಿತು. ಇದರಿಂದ ಅಲ್ಲಿನ ಬಡ ರೋಗಿಗಳಿಗೆ ಕಾಲೇಜಿನ ವೈದ್ಯರ ಸೇವೆ ಲಭಿಸಿತು. 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರಬಾ ಆಸ್ಪತ್ರೆ ಪ್ರಾರಂಭವಾಯಿತು. ಕಾಲೇಜಿನ ವತಿಯಿಂದ ಮಲ್ಪೆ ಹಾಗೂ ಇಂದಿನ ಕಾಪು ತಾಲೂಕಿನ ಪಡುಬಿದ್ರಿ ಮುಂತಾದ ಕಡೆಗಳಲ್ಲಿ ಗ್ರಾಮೀಣ ತಾಯಿ ಮತ್ತು ಶಿಶು ಕಲ್ಯಾಣ ಕೇಂದ್ರಗಳು ಕಾರ್ಯನಿರ್ವಹಿಸಿದವು.

ಈ ಕಾಲೇಜು ನಡೆದುದು ಮುಖ್ಯವಾಗಿ ವಿದ್ಯಾರ್ಥಿಗಳ ಶುಲ್ಕ ಮತ್ತು ದೇಣಿಗೆಯಿಂದ. ಇದು ಸರ್ಕಾರದ ಅನುದಾನಕ್ಕೆ ಕಾಯದೆ ವೈದ್ಯರನ್ನು ತಯಾರುಮಾಡುವ ಮಾರ್ಗವೆಂದು ಕೆಲವರು ಒಪ್ಪಿದರೆ, ಹಣವಿಲ್ಲದ ಪ್ರತಿಭಾವಂತರಿಗೆ ಸೀಟು ಸಿಗದೆಂದು ಹಲವರು ಆಕ್ಷೇಪಿಸಿದರು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವು 1984ರಲ್ಲಿ ಮಾಡಿತು. ಖಾಸಗಿ ಕಾಲೇಜುಗಳ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪು ಅವರ ಹೆಸರಿನ ಪ್ರತಿಷ್ಠಾನದ ಪ್ರಕರಣದಲ್ಲಿಯೇ ಬಂದಿತು.

ಗೌರವ ಮತ್ತು ನಿಧನ

ಭಾರತ ಸರ್ಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. 1979ರ ಮೇ 29ರಂದು ಅವರು ನಿಧನರಾದರು. ಉಡುಪಿ ಮತ್ತು ಕಾರ್ಕಳದಲ್ಲಿ ಅವರ ಹೆಸರಿನ ಆಸ್ಪತ್ರೆಗಳಿವೆ.

ಸಾರ್ವಜನಿಕರ ಗಮನಕ್ಕೆ

ಕಾಯಿಲೆಯು ಬಡ ಕುಟುಂಬವನ್ನು ಸಾಲಕ್ಕೆ ದೂಡಬಾರದೆಂಬ ಹೊಣೆಯನ್ನು ಇಂದು ಸರ್ಕಾರದ ಯೋಜನೆಗಳು ವಹಿಸಿಕೊಂಡಿವೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಅರ್ಜಿದಾರರು ಆಧಾರ್ ಮತ್ತು ಪಡಿತರ ಚೀಟಿಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಉನ್ನತ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಪಡೆಯುವುದು. ತುರ್ತು ಸಂದರ್ಭಗಳಿಗೆ ಈ ನಿಬಂಧನೆಯಿಂದ ವಿನಾಯಿತಿ ಇರುತ್ತದೆ. ಅನಾರೋಗ್ಯ ಬಂದ ಮೇಲೆ ಓಡಾಡುವ ಬದಲು ಮುಂಚಿತವಾಗಿಯೇ ಕಾರ್ಡ್ ಮಾಡಿಸಿಕೊಳ್ಳುವುದು ಕುಟುಂಬಕ್ಕೆ ಹಿತ.