ರಾಣಿ ಅಬ್ಬಕ್ಕ

ರಾಣಿ ಅಬ್ಬಕ್ಕ ಅಥವಾ ಅಬ್ಬಕ್ಕದೇವಿಯು ತುಳುನಾಡಿನ ಚೌಟ ಅರಸುಮನೆತನಕ್ಕೆ ಸೇರಿದ ಉಳ್ಳಾಲದ ರಾಣಿ. 16ನೆಯ ಶತಮಾನದ ಉತ್ತರಾರ್ಧದಲ್ಲಿಯೂ 17ನೆಯ ಶತಮಾನದ ಆರಂಭದಲ್ಲಿಯೂ ಪಶ್ಚಿಮ ಕರಾವಳಿಯ ಸಮುದ್ರ ವ್ಯಾಪಾರವನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದ ಪೋರ್ಚುಗೀಸರಿಗೆ ಉಳ್ಳಾಲವು ಕಪ್ಪ ಕೊಡಲು ನಿರಾಕರಿಸಿ ಅವರ ಅಂಕೆಯಿಂದ ಹೊರಬಂದ ಕಾರಣಕ್ಕೆ ಆಕೆಯ ಹೆಸರು ಪ್ರಸಿದ್ಧವಾಗಿದೆ. ಈ ನಿರ್ಧಾರದ ಪರಿಣಾಮವು ಉಳ್ಳಾಲಕ್ಕೆ ಮಾತ್ರ ಸೀಮಿತವಾಗಲಿಲ್ಲ. ಚೌಟರ ನೆರೆಯವರಾದ ಬಂಗ ಅರಸರ ಪತನ, ಕೆಳದಿ ನಾಯಕರ ಕರಾವಳಿ ಪ್ರವೇಶ ಹಾಗೂ ಕರಿಮೆಣಸಿನ ವ್ಯಾಪಾರದ ಸೂತ್ರವು ಘಟ್ಟದ ಮೇಲಿನವರ ಕೈಸೇರಿದ್ದು ಇದರೊಂದಿಗೆ ಹೆಣೆದುಕೊಂಡಿವೆ.

ಜನಪ್ರಿಯ ಇತಿಹಾಸದಲ್ಲಿ ಅಬ್ಬಕ್ಕ ಒಬ್ಬಳೇ ವ್ಯಕ್ತಿ. ಆದರೆ ಆಕೆಯ ಹೆಸರಿನಲ್ಲಿ ಹೇಳಲಾಗುವ ಘಟನೆಗಳು ಸುಮಾರು ಏಳು ದಶಕಗಳಷ್ಟು ಕಾಲ ಹರಡಿಕೊಂಡಿವೆ. ಆದ್ದರಿಂದ ಇತಿಹಾಸಕಾರರು ಈ ಅವಧಿಯಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಉಳ್ಳಾಲವನ್ನು ಆಳಿದರೆಂದು ಪರಿಗಣಿಸುತ್ತಾರೆ. 1568ರ ದಾಳಿಯ ಕಾಲದ ರಾಣಿಯನ್ನು ಹಿರಿಯ ಅಬ್ಬಕ್ಕನೆಂದೂ 1623ರಲ್ಲಿ ಇಟಲಿಯ ಪ್ರವಾಸಿಯೊಬ್ಬನು ಕಂಡ ರಾಣಿಯನ್ನು ಕಿರಿಯ ಅಬ್ಬಕ್ಕನೆಂದೂ ಗುರುತಿಸುವುದು ವಾಡಿಕೆ.

ಮನೆತನ ಮತ್ತು ಉತ್ತರಾಧಿಕಾರ

ಚೌಟರು ಜೈನ ಧರ್ಮದ ಅರಸರು. ಸೋಮೇಶ್ವರ, ಉಳ್ಳಾಲ, ಪುತ್ತಿಗೆ ಹಾಗೂ ಮೂಡುಬಿದಿರೆ ಬೇರೆ ಬೇರೆ ಕಾಲಗಳಲ್ಲಿ ಅವರ ಆಡಳಿತ ಕೇಂದ್ರಗಳಾಗಿದ್ದವು. ಮೂಡುಬಿದಿರೆಯಲ್ಲಿರುವ ಚೌಟರ ಅರಮನೆಯು ಅದರ ಮರದ ಕೆತ್ತನೆಗಳಿಗೆ, ವಿಶೇಷವಾಗಿ ನವನಾರೀಕುಂಜರ ಹಾಗೂ ಪಂಚನಾರೀತುರಗದ ಕಂಬಗಳಿಗೆ ಹೆಸರಾಗಿದೆ.

ತುಳುನಾಡಿನ ಅರಸುಮನೆತನಗಳಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಈ ಪದ್ಧತಿಯಲ್ಲಿ ಆಸ್ತಿ ಹಾಗೂ ಅಧಿಕಾರ ತಾಯಿಯ ಕಡೆಯಿಂದ ಸಾಗುತ್ತವೆ. ಮದುವೆಯಾದ ಮಾತ್ರಕ್ಕೆ ಹೆಣ್ಣು ಗಂಡನ ಕುಟುಂಬಕ್ಕೆ ಸೇರುವುದಿಲ್ಲ. ಆಕೆಯ ಮಕ್ಕಳು ತಾಯಿಯ ಮನೆತನದವರೇ ಆಗಿರುತ್ತಾರೆ. ಹೆಣ್ಣುಮಗಳೊಬ್ಬಳು ಪಟ್ಟವೇರಲು ಇಲ್ಲಿ ಅಡ್ಡಿಯಿರಲಿಲ್ಲ. ನೆರೆಯ ಅರಸನನ್ನು ಮದುವೆಯಾದ ರಾಣಿಯು ತನ್ನ ರಾಜ್ಯವನ್ನು ಅವನಿಗೆ ಒಪ್ಪಿಸಬೇಕಾಗಿಯೂ ಇರಲಿಲ್ಲ. ಅಬ್ಬಕ್ಕನ ಬದುಕಿನ ಮುಖ್ಯ ತಿರುವುಗಳು ಈ ಹಿನ್ನೆಲೆಯಲ್ಲಿಯೇ ಅರ್ಥವಾಗುತ್ತವೆ.

ಚೌಟರ ನೆರೆಯಲ್ಲಿದ್ದ ಪ್ರಬಲ ಮನೆತನವೆಂದರೆ ಬಂಗರದು. ಇಂದಿನ ಬೆಳ್ತಂಗಡಿ ತಾಲ್ಲೂಕಿನ ಬಂಗಾಡಿ ಅವರ ಮೂಲ ನೆಲೆ. ಬಂಟ್ವಾಳ ತಾಲ್ಲೂಕಿನ ನಂದಾವರ ಹಾಗೂ ಮಂಗಳೂರು ಅವರ ಇತರ ನೆಲೆಗಳು. ಘಟ್ಟದ ಬುಡದ ಬಂಗಾಡಿ, ಉತ್ತರದ ಮೂಡುಬಿದಿರೆ, ನೇತ್ರಾವತಿ ದಂಡೆಯ ಬಂಟ್ವಾಳ ಇವುಗಳ ನಡುವಿನ ಪುಂಜಾಲಕಟ್ಟೆಯ ಸುತ್ತಲಿನ ಪ್ರದೇಶವು ಒಳನಾಡಾಗಿತ್ತು. ಅಕ್ಕಿ, ಕರಿಮೆಣಸು ಮೊದಲಾದ ಸರಕುಗಳು ಇಂತಹ ಒಳನಾಡಿನಿಂದ ಹೊಳೆಗಳ ದಾರಿಯಾಗಿ ಕಡಲ ಬಂದರುಗಳನ್ನು ತಲುಪುತ್ತಿದ್ದವು. ಬಂದರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಒಳನಾಡಿನ ಬೆಳೆಗಾರನಿಗೂ ಸಂಬಂಧಿಸಿದ ವಿಷಯವಾಗಿತ್ತು.

ಪೋರ್ಚುಗೀಸರ ವ್ಯಾಪಾರ ವ್ಯವಸ್ಥೆ

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಸಮೀಪ ಬಂದಿಳಿದ ಮೇಲೆ ಪೋರ್ಚುಗೀಸರು ಕಡಲ ವ್ಯಾಪಾರವನ್ನು ಆಯುಧಬಲದಿಂದ ನಿಯಂತ್ರಿಸತೊಡಗಿದರು. 1510ರಲ್ಲಿ ಗೋವೆಯನ್ನು ಗೆದ್ದುಕೊಂಡ ನಂತರ ಈ ನಿಯಂತ್ರಣಕ್ಕೆ ಒಂದು ಕೇಂದ್ರ ದೊರೆಯಿತು. ಅವರ ವ್ಯವಸ್ಥೆಯ ಆಧಾರ ಕರ್ತಾಜ್ ಎಂಬ ಪರವಾನಗಿ ಪತ್ರ. ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ಹಡಗುಗಳು ಹಣ ತೆತ್ತು ಈ ಪತ್ರವನ್ನು ಪಡೆಯಬೇಕಾಗಿತ್ತು. ಹಡಗು ಎಲ್ಲಿಗೆ ಹೋಗಬೇಕು, ಯಾವ ಸರಕನ್ನು ಒಯ್ಯಬಾರದು, ಯಾವ ಬಂದರಿನಲ್ಲಿ ಸುಂಕ ಕೊಡಬೇಕು ಎಂಬುದನ್ನು ಪೋರ್ಚುಗೀಸ್ ಅಧಿಕಾರಿಗಳೇ ಗೊತ್ತುಮಾಡುತ್ತಿದ್ದರು. ಪತ್ರವಿಲ್ಲದ ಹಡಗನ್ನು ವಶಪಡಿಸಿಕೊಳ್ಳುವ, ಸರಕನ್ನು ಮುಟ್ಟುಗೋಲು ಹಾಕುವ ಅಧಿಕಾರ ತಮಗಿದೆಯೆಂದು ಅವರು ಸಾರಿದ್ದರು. ಕರಾವಳಿಯ ಚಿಕ್ಕ ಅರಸರು ಇದಲ್ಲದೆ ವರ್ಷವರ್ಷ ಕಪ್ಪವನ್ನೂ ಸಲ್ಲಿಸಬೇಕಾಗಿತ್ತು.

ಈ ವ್ಯವಸ್ಥೆಯ ಒಳಗಿದ್ದವರಿಗೆ ಪೋರ್ಚುಗೀಸ್ ಹಡಗುಪಡೆಯ ರಕ್ಷಣೆ ಹಾಗೂ ನಿಶ್ಚಿತ ಕೊಳ್ಳುವವರು ದೊರೆಯುತ್ತಿದ್ದರು. ಹೊರಗುಳಿದವರು ತಮ್ಮ ಹಡಗುಗಳನ್ನು ಸ್ವಂತ ಬಲದಿಂದ ಕಾಯ್ದುಕೊಳ್ಳಬೇಕಾಗಿತ್ತು. ಕರಾವಳಿಯ ಮುಸ್ಲಿಂ ವರ್ತಕರು ಹಾಗೂ ಅವರಿಗೆ ಬೆಂಬಲವಾಗಿದ್ದ ಕಲ್ಲಿಕೋಟೆಯ ಸಾಮೂದಿರಿ ಅರಸನು ಈ ಪರವಾನಗಿಯನ್ನು ದೀರ್ಘಕಾಲ ವಿರೋಧಿಸಿದರು. ಗೋವೆಯ ಪೋರ್ಚುಗೀಸರಿಗೂ ಕರಾವಳಿಯ ಅವಶ್ಯಕತೆ ಇತ್ತು. ಅವರ ಊಟಕ್ಕೆ ಬೇಕಾದ ಅಕ್ಕಿಯ ಬಹುಭಾಗ ಕನ್ನಡ ಕರಾವಳಿಯಿಂದ ಹೋಗುತ್ತಿತ್ತು. ಯೂರೋಪಿಗೆ ಸಾಗಿಸುವ ಕರಿಮೆಣಸು ಘಟ್ಟದ ಇಳಿಜಾರುಗಳಲ್ಲಿ ಬೆಳೆಯುತ್ತಿತ್ತು.

ಕಪ್ಪದ ನಿರಾಕರಣೆ ಮತ್ತು 1568ರ ದಾಳಿ

1565ರಲ್ಲಿ ವಿಜಯನಗರವು ಸೋತ ಮೇಲೆ ಕರಾವಳಿಯ ಅರಸರಿಗೆ ಮೇಲಿನಿಂದ ಬೆಂಬಲವಾಗಿದ್ದ ಶಕ್ತಿ ಕುಸಿಯಿತು. ಪೋರ್ಚುಗೀಸರು ಇದನ್ನು ಮಂಗಳೂರಿನಲ್ಲಿ ಕೋಟೆ ಕಟ್ಟಲು ತಕ್ಕ ಸಮಯವೆಂದು ಕಂಡರು. ಉಳ್ಳಾಲದ ರಾಣಿಯು ಕಪ್ಪವನ್ನು ತಡೆಹಿಡಿದದ್ದು ಅವರಿಗೆ ದೊರೆತ ಕಾರಣ. 1568ರ ಆರಂಭದಲ್ಲಿ ವೈಸ್‌ರಾಯ್ ಅಂತಾವ್ ದ ನೊರೊನ್ಯನು ಹಡಗುಪಡೆಯೊಂದಿಗೆ ಬಂದು ಉಳ್ಳಾಲದ ಮೇಲೆ ದಾಳಿ ಮಾಡಿದನು. ರಾಣಿಯು ಒಳನಾಡಿಗೆ ಹಿಂದೆಗೆದಳು. ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಪೋರ್ಚುಗೀಸ್ ಕೋಟೆ ಎದ್ದಿತು. ಮರುವರ್ಷ ಹೊನ್ನಾವರ ಹಾಗೂ ಬಸ್ರೂರು ಸಹ ಪೋರ್ಚುಗೀಸರ ವಶವಾದವು.

ಜನಪ್ರಿಯ ನಿರೂಪಣೆಗಳ ಪ್ರಕಾರ, ಉಳ್ಳಾಲವು ಶತ್ರುವಶವಾದಾಗ ರಾಣಿಯು ಮಸೀದಿಯೊಂದರಲ್ಲಿ ಆಶ್ರಯ ಪಡೆದು, ಅದೇ ರಾತ್ರಿ ಸುಮಾರು 200 ಯೋಧರೊಡನೆ ಎರಗಿ ಪೋರ್ಚುಗೀಸ್ ದಳಪತಿಯನ್ನು ಕೊಂದಳು. ಜೈನ ರಾಣಿಯ ಸೈನ್ಯದಲ್ಲಿ ಮೊಗವೀರರೂ ಬ್ಯಾರಿ ಮುಸ್ಲಿಮರೂ ಇದ್ದರೆಂಬ ನೆನಪು ಉಳ್ಳಾಲದ ಸುತ್ತ ಇಂದಿಗೂ ಉಳಿದಿದೆ.

ಪೋರ್ಚುಗೀಸ್ ವ್ಯವಸ್ಥೆಯಿಂದ ಹೊರಬಂದ ಉಳ್ಳಾಲವು ಬೇರೆ ಮಿತ್ರರನ್ನು ಹುಡುಕಬೇಕಾಯಿತು. 1570ರಲ್ಲಿ ಬಿಜಾಪುರದ ಆದಿಲ್ ಶಾಹಿ ಅರಸನು ಗೋವೆಯನ್ನೂ ಅಹಮದ್‌ನಗರದ ನಿಜಾಮ್ ಶಾಹಿ ಅರಸನು ಚೌಲ್ ಬಂದರನ್ನೂ ಮುತ್ತಿದರು. ಸಾಮೂದಿರಿಯೂ ಈ ಕೂಟಕ್ಕೆ ಸೇರಿದ್ದನು. ಅದೇ ಸುಮಾರಿಗೆ ಕಲ್ಲಿಕೋಟೆಯ ಕಡೆಯ ನೌಕಾ ನಾಯಕ ಕುಟ್ಟಿ ಪೋಕ್ಕರನು ಮಂಗಳೂರಿನ ಕೋಟೆಯ ಮೇಲೆ ರಾತ್ರಿ ದಾಳಿ ನಡೆಸಿದನು. ಆದರೆ ಮರಳುವ ದಾರಿಯಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಸಿಕ್ಕಿ ಅವನು ಮಡಿದನು. ಗೋವೆಯೂ ಚೌಲೂ ಮುತ್ತಿಗೆಯನ್ನು ತಾಳಿಕೊಂಡವು. ಮಂಗಳೂರಿನ ಕೋಟೆಯು ಪೋರ್ಚುಗೀಸರ ಕೈಯಲ್ಲಿಯೇ ಉಳಿಯಿತು. ನದಿಯ ಒಂದು ದಡದಲ್ಲಿ ಶತ್ರುವಿನ ಕೋಟೆ, ಇನ್ನೊಂದು ಬದಿಯಲ್ಲಿ ಉಳ್ಳಾಲ ಎಂಬ ಸ್ಥಿತಿ ಮುಂದಿನ ಹಲವು ದಶಕಗಳ ಕಾಲ ಇತ್ತು.

ಬಂಗ ಅರಸನೊಂದಿಗೆ ವಿರಸ

ಉಳ್ಳಾಲದ ರಾಣಿಗೂ ಬಂಗ ಅರಸನಿಗೂ ವಿವಾಹವಾಗಿತ್ತು. ಸ್ಥಳೀಯ ಪರಂಪರೆಯು ರಾಣಿಯ ಪತಿಯನ್ನು ಲಕ್ಷ್ಮಪ್ಪ ಬಂಗರಸನೆಂದು ಕರೆಯುತ್ತದೆ. ಎರಡು ಮನೆತನಗಳನ್ನು ಬೆಸೆಯಬೇಕಾಗಿದ್ದ ಈ ಸಂಬಂಧ ಮುರಿದುಬಿದ್ದಿತು. ರಾಣಿಯು ಗಂಡನು ಕೊಟ್ಟಿದ್ದ ಆಭರಣಗಳನ್ನು ಹಿಂದಿರುಗಿಸಿ ಮದುವೆಯನ್ನು ಕಡಿದುಕೊಂಡಳು. ಅಳಿಯಸಂತಾನದ ರೂಢಿಯಲ್ಲಿ ಇದು ರಾಣಿಯ ಅಧಿಕಾರಕ್ಕೆ ಕುಂದು ತರುವಂಥದ್ದಾಗಿರಲಿಲ್ಲ. ಬಂಗರಸನು ಮಾತ್ರ ಇದನ್ನು ಅವಮಾನವೆಂದು ಬಗೆದನು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆಯು ಕೇಳಿ ಬರೆದಿರುವ ಪ್ರಕಾರ, ಬಂಗರಸನು ಹೊಳೆಯಲ್ಲಿ ದೋಣಿಯ ಮೇಲೆ ಹೋಗುತ್ತಿದ್ದ ರಾಣಿಯನ್ನು ಹೊಂಚುಹಾಕಿ ಹಿಡಿದನು. ಆಕೆಯು ನಯವಾದ ಮಾತಿನಿಂದ ಬಿಡಿಸಿಕೊಂಡು ತನ್ನ ನೆಲ ಸೇರಿದ ಕೂಡಲೆ ಅವನ ಮೇಲೆ ಯುದ್ಧಕ್ಕೆ ಸಿದ್ಧಳಾದಳು.

ಈ ವೈಷಮ್ಯದಲ್ಲಿ ಕೌಟುಂಬಿಕ ಕಾರಣದ ಜೊತೆಗೆ ರಾಜಕೀಯ ಕಾರಣವೂ ಇತ್ತು. ಮಂಗಳೂರಿನ ಸುತ್ತಲಿನ ಬಂಗರ ನೆಲವು ಪೋರ್ಚುಗೀಸ್ ಕೋಟೆಗೆ ಅಂಟಿಕೊಂಡಿತ್ತು. ಬಂಗರಸನು ಪೋರ್ಚುಗೀಸರ ಮಿತ್ರನಾಗಿ ಉಳಿದನು. ಜಗಳ ಬೆಳೆದಾಗ ಅವರ ನೆರವನ್ನೇ ಬೇಡಿದನು. ಪೋರ್ಚುಗೀಸರಿಂದ ದೂರವಾಗಿದ್ದ ಉಳ್ಳಾಲದ ರಾಣಿಯು ಘಟ್ಟದ ಮೇಲಿನ ಇಕ್ಕೇರಿಯತ್ತ ತಿರುಗಿ, ಕೆಳದಿಯ ವೆಂಕಟಪ್ಪ ನಾಯಕನ ಸಹಾಯವನ್ನು ಕೋರಿದಳು.

ವೆಂಕಟಪ್ಪ ನಾಯಕನ ಪ್ರವೇಶ

ವೆಂಕಟಪ್ಪ ನಾಯಕನು 1629ರವರೆಗೆ ಆಳಿದ ಕೆಳದಿ ಮನೆತನದ ಪ್ರಬಲ ಅರಸ. ಕರಾವಳಿಯ ಬಂದರುಗಳತ್ತ ಅವನ ಗಮನ ಮೊದಲಿನಿಂದಲೂ ಇತ್ತು. ಉಳ್ಳಾಲದ ಕೋರಿಕೆಯು ಅವನಿಗೆ ಘಟ್ಟವಿಳಿಯಲು ದೊರೆತ ಒಳ್ಳೆಯ ಅವಕಾಶವಾಯಿತು. ಸುಮಾರು 1618ರಲ್ಲಿ ನಡೆದ ಯುದ್ಧದಲ್ಲಿ ಅವನ ಸೈನ್ಯವು ಬಂಗರಸನನ್ನೂ ಅವನ ನೆರವಿಗೆ ಬಂದ ಪೋರ್ಚುಗೀಸರನ್ನೂ ಸೋಲಿಸಿತು. ಬಂಗರಸನ ಕೋಟೆಯನ್ನು ಕೆಡವಲಾಯಿತು. ಅವನು ತನ್ನ ನೆಲವನ್ನು ಬಿಟ್ಟು ದಕ್ಷಿಣಕ್ಕೆ ಸರಿಯಬೇಕಾಯಿತು.

ಪೋರ್ಚುಗೀಸರು ಈ ಸೋಲಿಗೆ ಪ್ರತೀಕಾರ ತೀರಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವರು ಕೊಳ್ಳುವ ಕರಿಮೆಣಸಿನ ದೊಡ್ಡ ಪಾಲು ವೆಂಕಟಪ್ಪ ನಾಯಕನ ನಾಡಿನಿಂದಲೇ ಬರುತ್ತಿತ್ತು. 1623ರಲ್ಲಿ ಗೋವೆಯು ಇಕ್ಕೇರಿಗೆ ರಾಯಭಾರಿಯನ್ನು ಕಳುಹಿಸಿತು. ಬಂಗರಸನಿಗೆ ಅವನ ನೆಲವನ್ನು ಮರಳಿ ಕೊಡಿಸುವ ಮಾತುಕತೆ ಹಾಗೂ ಮೆಣಸಿನ ವ್ಯವಹಾರ ಈ ರಾಯಭಾರದ ಮುಖ್ಯ ವಿಷಯಗಳಾಗಿದ್ದವು. ಬಂಗರಸನ ನೆಲವನ್ನು ಹಿಂದಿರುಗಿಸಲು ವೆಂಕಟಪ್ಪ ನಾಯಕನು ಒಪ್ಪಲಿಲ್ಲ.

ಡೆಲ್ಲಾ ವಾಲೆಯ ಭೇಟಿ

ಈ ರಾಯಭಾರದೊಂದಿಗೆ ಇಕ್ಕೇರಿಗೆ ಹೋಗಿದ್ದ ಡೆಲ್ಲಾ ವಾಲೆಯು ಅಲ್ಲಿಂದ ಬಸ್ರೂರಿನ ಮಾರ್ಗವಾಗಿ ಮಂಗಳೂರಿಗೆ ಬಂದು, 1623ರ ಡಿಸೆಂಬರ್‌ನಲ್ಲಿ ಉಳ್ಳಾಲದ ರಾಣಿಯನ್ನು ನೋಡಲು ಹೊರಟನು. ರಾಣಿಯು ಆಗ ಕಡಲತಡಿಯ ಉಳ್ಳಾಲದಲ್ಲಿ ಇರದೆ, ಒಳನಾಡಿನ ಮಣೇಲಿನಲ್ಲಿ ವಾಸವಾಗಿದ್ದಳು. ಮಣೇಲು ಗುರುಪುರ ಹೊಳೆಯ ದಂಡೆಯ ಊರು.

ಅವನು ರಾಣಿಯನ್ನು ಮೊದಲು ಕಂಡದ್ದು ದಾರಿಯಲ್ಲಿ. ಕೆಲವೇ ಜನ ಆಯುಧಧಾರಿಗಳೊಡನೆ ಆಕೆ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸುಮಾರು ನಲವತ್ತು ವಯಸ್ಸಿನ, ಕಪ್ಪು ಬಣ್ಣದ, ತುಂಬಿದ ಮೈಕಟ್ಟಿನ ಹೆಂಗಸು. ಸೊಂಟದಿಂದ ಕೆಳಗೆ ದಪ್ಪ ಬಿಳಿ ಹತ್ತಿ ಬಟ್ಟೆ ಉಟ್ಟಿದ್ದಳು. ಬಿಸಿಲಿಗೆ ತಾಳೆಗರಿಯ ಕೊಡೆ ಹಿಡಿಯಲಾಗಿತ್ತು. ನೋಟಕ್ಕೆ ರಾಣಿಯೆಂದು ತೋರದಿದ್ದರೂ ಮಾತಿನಲ್ಲಿ ಆಕೆಯ ವಿವೇಕ ಕಾಣುತ್ತಿತ್ತೆಂದು ಅವನು ದಾಖಲಿಸಿದ್ದಾನೆ. ಹೊಲಗಳಿಗೆ ನೀರು ಹಾಯಿಸುವ ಕಾಲುವೆಗಳನ್ನು ತೋಡಿಸುವ ಕೆಲಸದ ಮೇಲ್ವಿಚಾರಣೆಯನ್ನು ಆಕೆ ಸ್ವತಃ ನಡೆಸುತ್ತಿದ್ದಳು. ಪ್ರಯಾಣಿಕನ ದೇಶ, ಅವನು ತಿರುಗಿದ ರಾಜ್ಯಗಳು, ಮನೆ ಬಿಟ್ಟು ಬಂದ ಕಾರಣ ಇವುಗಳನ್ನು ಕುತೂಹಲದಿಂದ ವಿಚಾರಿಸಿದಳು. ಆಕೆಯ ಮಗನನ್ನೂ ಡೆಲ್ಲಾ ವಾಲೆಯು ಭೇಟಿಯಾಗಿ ಅವನ ಆತಿಥ್ಯವನ್ನು ಸ್ವೀಕರಿಸಿದನು.

ರಾಣಿಯು ಪೋರ್ಚುಗೀಸರ ಸೆರೆಯಲ್ಲಿ ಹೋರಾಡುತ್ತಾ ಮಡಿದಳೆಂಬುದು ಜನಪ್ರಿಯ ಕಥೆ. ಡೆಲ್ಲಾ ವಾಲೆ ಕಂಡ ರಾಣಿಗೆ ಈ ಕಥೆ ಹೊಂದುವುದಿಲ್ಲ. 1623ರಲ್ಲಿ ಆಕೆ ತನ್ನ ನೆಲದಲ್ಲಿ ಸ್ವತಂತ್ರವಾಗಿ ಓಡಾಡುತ್ತಿದ್ದಳು.

ಪರಿಣಾಮಗಳು

ಪೋರ್ಚುಗೀಸರ ವ್ಯವಸ್ಥೆಯಿಂದ ಹೊರಬಂದದ್ದರ ರಾಜಕೀಯ ಫಲ ಮಿಶ್ರವಾಗಿತ್ತು. ಉಳ್ಳಾಲವು ತನ್ನ ನೆಲವನ್ನೂ ಮನೆತನದ ಅಧಿಕಾರವನ್ನೂ ಉಳಿಸಿಕೊಂಡಿತು. ಪೋರ್ಚುಗೀಸರ ಮಿತ್ರನಾಗಿ ಒಳಗೇ ಉಳಿದ ಬಂಗರಸನು ರಾಜ್ಯವನ್ನು ಕಳೆದುಕೊಂಡನು. ಅವನ ಮಿತ್ರರಿಗೆ ಅವನಿಗಿಂತ ಮೆಣಸಿನ ಖರೀದಿ ಮುಖ್ಯವಾಗಿತ್ತು. ಆದರೆ ಉಳ್ಳಾಲಕ್ಕೆ ದೊರೆತ ರಕ್ಷಣೆಗೂ ಬೆಲೆ ಇತ್ತು. ಕಡಲಿನ ಒಡೆಯರ ಕಪ್ಪವನ್ನು ತಪ್ಪಿಸಿಕೊಂಡ ಚೌಟರು ಘಟ್ಟದ ಮೇಲಿನ ಒಡೆಯರ ನೆರಳಿಗೆ ಬಂದರು. ಕರಾವಳಿಯ ಚಿಕ್ಕ ರಾಜ್ಯಗಳು ಒಂದೊಂದಾಗಿ ಕೆಳದಿಯ ಅಧೀನವಾದವು.

ಆರ್ಥಿಕವಾಗಿ, ಶತ್ರುವಿನ ಕೋಟೆಯ ಎದುರಿಗಿದ್ದ ಉಳ್ಳಾಲಕ್ಕೆ ಕಡಲ ವ್ಯಾಪಾರವು ಅಪಾಯದ ಕೆಲಸವಾಗಿಯೇ ಉಳಿಯಿತು. ರಾಣಿಯು ಒಳನಾಡಿನಲ್ಲಿ ನೆಲೆಸಿ ಕಾಲುವೆ ತೋಡಿಸುತ್ತಿದ್ದುದು ಆಗಿನ ಸ್ಥಿತಿಯನ್ನು ಸೂಚಿಸುತ್ತದೆ. ಬಂದರಿನ ಸುಂಕವು ಅನಿಶ್ಚಿತವಾದಾಗ ಅಕ್ಕಿ ಬೆಳೆಯುವ ನೆಲವೇ ನಂಬಬಹುದಾದ ಆದಾಯವಾಗಿತ್ತು. ಮೆಣಸಿನ ವ್ಯಾಪಾರದಲ್ಲಿ ಬೆಲೆಯನ್ನು ನಿರ್ಧರಿಸುವ ಶಕ್ತಿ ಇಕ್ಕೇರಿಗೆ ಹೋಯಿತು. ಪೋರ್ಚುಗೀಸರು ಹಿಂದೆ ಚಿಕ್ಕ ಅರಸರ ಮೇಲೆ ಹೇರುತ್ತಿದ್ದ ಷರತ್ತುಗಳನ್ನು ಈಗ ಒಬ್ಬ ದೊಡ್ಡ ಅರಸನೊಡನೆ ಚೌಕಾಸಿ ಮಾಡಬೇಕಾಯಿತು. ಈ ಪ್ರಕ್ರಿಯೆಯು ಶಿವಪ್ಪ ನಾಯಕನ ಕಾಲದಲ್ಲಿ ಪೂರ್ಣಗೊಂಡಿತು. 1652ರಿಂದ 1654ರ ಅವಧಿಯಲ್ಲಿ ಅವನು ಹೊನ್ನಾವರ, ಬಸ್ರೂರು ಹಾಗೂ ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದನು.

ಸ್ಮರಣೆ

ಅಬ್ಬಕ್ಕನ ಕಥೆಯು ತುಳುನಾಡಿನ ಮೌಖಿಕ ಪರಂಪರೆಯಲ್ಲಿ, ಯಕ್ಷಗಾನದಲ್ಲಿ ಹಾಗೂ ನಾಟಕಗಳಲ್ಲಿ ಉಳಿದುಬಂದಿದೆ. ಉಳ್ಳಾಲದಲ್ಲಿ ವೀರರಾಣಿ ಅಬ್ಬಕ್ಕ ಉತ್ಸವ ನಡೆಯುತ್ತದೆ. ಅಲ್ಲಿ ಆಕೆಯ ಪ್ರತಿಮೆಯನ್ನೂ ಸ್ಥಾಪಿಸಲಾಗಿದೆ. ಬಂಟ್ವಾಳದ ಬಿ.ಸಿ. ರೋಡ್ ಬಳಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಹಾಗೂ ವಸ್ತುಸಂಗ್ರಹಾಲಯವಿದೆ. ಭಾರತೀಯ ಅಂಚೆ ಇಲಾಖೆಯು 2003ರಲ್ಲಿ ವಿಶೇಷ ಅಂಚೆ ಲಕೋಟೆಯನ್ನು, 2023ರಲ್ಲಿ ಅಂಚೆಚೀಟಿಯನ್ನು ಹೊರತಂದಿತು. 2012ರಲ್ಲಿ ಸೇವೆಗೆ ಸೇರಿದ ಭಾರತೀಯ ತಟರಕ್ಷಣಾ ಪಡೆಯ ಗಸ್ತು ಹಡಗೊಂದಕ್ಕೆ ರಾಣಿ ಅಬ್ಬಕ್ಕ ಎಂದು ಹೆಸರಿಡಲಾಗಿದೆ.